ಗಣತಿ, ಮತ, ಹಿತ: ಕಾಸರಗೋಡಿನ ಗಡಿಪ್ರಶ್ನೆಯಲ್ಲಿ ಜನಸಮ್ಮತಿಯ ಸಮಸ್ಯೆ

1965ರ ಮಾರ್ಚ್ ತಿಂಗಳಿನಲ್ಲಿ ಮಂಜೇಶ್ವರ ಕ್ಷೇತ್ರದ ಮತದಾರರು ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಎರಡನೆಯ ಬಾರಿಗೆ ಕೇರಳ ವಿಧಾನಸಭೆಗೆ ಆರಿಸಿದರು. ಕಾಸರಗೋಡು ಮೈಸೂರು ರಾಜ್ಯಕ್ಕೆ ಸೇರಬೇಕೆಂಬುದು ಅವರ ರಾಜಕಾರಣದ ಮೂಲ ಬೇಡಿಕೆ. ಆದರೆ ಅವರು ಆಯ್ಕೆಯಾದ ಆ ವಿಧಾನಸಭೆ ಒಂದು ದಿನವೂ ಸೇರಲಿಲ್ಲ. 133 ಸ್ಥಾನಗಳ ಸಭೆಯಲ್ಲಿ ಅತಿದೊಡ್ಡ ಪಕ್ಷವಾಗಿ ಬಂದ ಭಾರತ ಕಮ್ಯುನಿಸ್ಟ್ ಪಕ್ಷ (ಮಾರ್ಕ್ಸ್‌ವಾದಿ) ಗಳಿಸಿದ್ದು 40 ಸ್ಥಾನ. ಅದರ ನಾಯಕರಲ್ಲಿ ಹಲವರು ಆಗ ಸೆರೆಯಲ್ಲಿದ್ದರು. ಯಾರೂ ಸರಕಾರ ರಚಿಸಲಾರರೆಂದು ರಾಜ್ಯಪಾಲರು ವರದಿ ಮಾಡಿದರು. ಸಭೆ ಸೇರುವ ಮೊದಲೇ ವಿಸರ್ಜನೆಯಾಯಿತು. 1964ರ ಸೆಪ್ಟೆಂಬರಿನಲ್ಲಿ ಆರಂಭವಾಗಿದ್ದ ರಾಷ್ಟ್ರಪತಿ ಆಳ್ವಿಕೆ 1967ರ ಮಾರ್ಚಿಯವರೆಗೆ ಮುಂದುವರಿಯಿತು. ಮಂಜೇಶ್ವರದ ಮತ ಎಣಿಕೆಯಾಯಿತು, ಫಲಿತಾಂಶ ಪ್ರಕಟವಾಯಿತು, ಆದರೆ ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಸಭೆಯೇ ಇರಲಿಲ್ಲ.

ಕೇರಳದ ರಾಜಕೀಯ ಇತಿಹಾಸದಲ್ಲಿ ಈ ಘಟನೆಯನ್ನು ಪಕ್ಷಗಳ ಒಡಕಿನ ಅಧ್ಯಾಯವಾಗಿ ಹೇಳುವುದು ವಾಡಿಕೆ. ಕಾಸರಗೋಡಿನ ಕಡೆಯಿಂದ ನೋಡಿದರೆ ಅದಕ್ಕೆ ಬೇರೊಂದು ಅರ್ಥವಿದೆ. ಒಂದು ಪ್ರದೇಶದ ಜನ ತಾವು ಯಾವ ರಾಜ್ಯದಲ್ಲಿರಬೇಕೆಂಬ ಬಗೆಗೆ ತಮ್ಮ ಅಭಿಪ್ರಾಯವನ್ನು ಹೇಳಲು ಯಾವ ದಾರಿಗಳಿದ್ದವು? ಆ ದಾರಿಗಳು ಎಲ್ಲಿಗೆ ತಲುಪುತ್ತಿದ್ದವು? ಇಲ್ಲಿ ಜನಮತಗಣನೆ ಎಂದೂ ನಡೆಯಲಿಲ್ಲ. ಆದರೆ ಜನಮತಗಣನೆಯ ಬದಲಿಗೆ ಬಂದವು ಹಲವು: ಜನಗಣತಿ, ಚುನಾವಣೆ, ಆಯೋಗ. ಇವುಗಳಲ್ಲಿ ಪ್ರತಿಯೊಂದನ್ನೂ ಒಂದೊಂದು ಪಕ್ಷ ಜನರ ತೀರ್ಪೆಂದು ಸಾರಿತು, ಮತ್ತೊಂದು ಪಕ್ಷ ಅಲ್ಲವೆಂದಿತು. ಈ ಲೇಖನದಲ್ಲಿ ಆ ಬದಲಿಗಳನ್ನು ಕ್ರಮವಾಗಿ ಪರಿಶೀಲಿಸಿ, ಅವುಗಳ ನಡುವೆ ಜನಸಮ್ಮತಿ ಎಂಬುದು ಎಲ್ಲಿ ಉಳಿಯಿತು ಎಂದು ಕೇಳಲು ಯತ್ನಿಸಿದ್ದೇನೆ.

1. ಗಣತಿಯೇ ಮತವಾದಾಗ

1799ರಲ್ಲಿ ಟಿಪ್ಪುವಿನ ಪತನದ ಬಳಿಕ ಕಂಪೆನಿಯ ಕೈಸೇರಿದ ಕೆನರಾ ಪ್ರದೇಶ 19ನೆಯ ಶತಮಾನದ ನಡುವಿನಲ್ಲಿ ಇಬ್ಭಾಗವಾದಾಗ ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಕಾಸರಗೋಡು ಆ ಜಿಲ್ಲೆಯ ದಕ್ಷಿಣದ ತುದಿಯ ತಾಲೂಕಾಯಿತು. ಈ ತಾಲೂಕನ್ನು ಮಲಬಾರಿಗೆ ಸೇರಿಸಬೇಕೆಂಬ ನಿರ್ಣಯವೊಂದು 1913ರಷ್ಟು ಹಿಂದೆಯೇ ಮದರಾಸಿನ ಶಾಸನಸಭೆಯಲ್ಲಿ ಮಂಡನೆಯಾಗಿ, ಕನ್ನಡ ಸದಸ್ಯರ ವಿರೋಧದಿಂದ ಹಿಂತೆಗೆಯಲ್ಪಟ್ಟಿತ್ತು. ಆದ್ದರಿಂದ ಇದು 1956ರಲ್ಲಿ ದಿಢೀರನೆ ಹುಟ್ಟಿದ ಪ್ರಶ್ನೆಯಲ್ಲ. 1956 ಮಾಡಿದ್ದು, ಎರಡು ಕಡೆಯ ವಾದವಾಗಿದ್ದುದನ್ನು ಒಂದು ಕಡೆಯ ಕಾನೂನಾಗಿಸಿದ್ದು.

ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರಿದ್ದ ರಾಜ್ಯ ಪುನರ್ರಚನಾ ಆಯೋಗ 1955ರ ಸೆಪ್ಟೆಂಬರ್ 30ರಂದು ವರದಿ ಒಪ್ಪಿಸಿತು. ಇಡೀ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಬೇಕೆಂಬುದು ಅದರ ಶಿಫಾರಸು. ಆಧಾರ 1951ರ ಜನಗಣತಿ: ತಾಲೂಕನ್ನು ಒಟ್ಟಾಗಿ ತೆಗೆದುಕೊಂಡರೆ ಮಲಯಾಳ ಮಾತೃಭಾಷೆಯವರು ಶೇಕಡ 70ನ್ನು ಮೀರಿದ್ದರು. ಕನ್ನಡದ ಪರ ವಾದಿಸಿದವರು ಚಂದ್ರಗಿರಿ ನದಿಯ ಉತ್ತರದ ಭಾಗವನ್ನಾದರೂ ಪ್ರತ್ಯೇಕವಾಗಿ ನೋಡಬೇಕೆಂದು ಕೇಳಿದ್ದರು. ತುಳುನಾಡು–ಕೇರಳಗಳ ನಡುವಣ ಎಲ್ಲೆಯೆಂದು ಚಂದ್ರಗಿರಿಯನ್ನು ಹೇಳುವ ರೂಢಿ ಬಹಳ ಹಳೆಯದು. ಆಯೋಗ ಅದಕ್ಕೆ ಒಪ್ಪಲಿಲ್ಲ.

ಕನ್ನಡದ ಬರೆಹಗಳಲ್ಲಿ ಈ ಅನ್ಯಾಯವನ್ನು ಪಣಿಕ್ಕರ್ ಅವರ ಮಲಯಾಳಿತನಕ್ಕೆ ಕಟ್ಟಿ ಮುಗಿಸುವುದು ರೂಢಿಯಾಗಿದೆ. ಆ ವಿವರಣೆ ಸುಲಭ. ಅದರಿಂದಲೇ ಅದು ಸಾಲದು. ನಿರ್ಣಾಯಕವಾದದ್ದು ಆಯೋಗದ ಸದಸ್ಯರ ಊರಲ್ಲ, ಆಯೋಗ ಆರಿಸಿದ ಘಟಕ. ತಾಲೂಕನ್ನು ಘಟಕವಾಗಿ ಹಿಡಿದರೆ ಫಲಿತಾಂಶ ಒಂದು. ನದಿಯನ್ನು ಎಲ್ಲೆಯಾಗಿ ಹಿಡಿದರೆ ಇನ್ನೊಂದು. ಗ್ರಾಮವನ್ನು ಘಟಕವಾಗಿ ಹಿಡಿದರೆ ಮತ್ತೂ ಒಂದು. ಆಯೋಗ ಗ್ರಾಮವನ್ನು ಘಟಕವಾಗಿ ಒಪ್ಪಲಿಲ್ಲ. ಆದರೆ ಎರಡೇ ವರ್ಷಗಳಲ್ಲಿ ಆಂಧ್ರ ಮತ್ತು ಮದರಾಸುಗಳ ನಡುವಣ ವಿವಾದದಲ್ಲಿ ಪಾಟಸ್ಕರ್ ಅವರು ಗ್ರಾಮವನ್ನೇ ಘಟಕವಾಗಿ ಹಿಡಿದು ತೀರ್ಪಿತ್ತರು. 1959ರಲ್ಲಿ ಸಂಸತ್ತು ಅದರಂತೆ ಕಾನೂನು ಮಾಡಿತು. ಒಂದೇ ದೇಶ, ಒಂದೇ ದಶಕ, ಅಳತೆಗೋಲು ಮಾತ್ರ ಬೇರೆ.

ಘಟಕದ ಪ್ರಶ್ನೆಗಿಂತಲೂ ಆಳವಾದದ್ದು ಗಣತಿಯ ಕಾಲಮಿನ ಪ್ರಶ್ನೆ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎನ್ನುತ್ತೇವೆ. ಮನೆಯಲ್ಲಿ ತುಳು, ಕೊಂಕಣಿ, ಮರಾಠಿ, ಬ್ಯಾರಿ ಆಡುವವರು ಶಾಲೆಯಲ್ಲಿ ಕನ್ನಡ ಕಲಿತರು, ದಸ್ತಾವೇಜನ್ನು ಕನ್ನಡದಲ್ಲಿ ಬರೆಸಿದರು, ಯಕ್ಷಗಾನವನ್ನು ಕನ್ನಡದಲ್ಲಿ ಕೇಳಿದರು. ಮನೆಮಾತು ಒಂದು, ಬರೆಹದ ಭಾಷೆ ಇನ್ನೊಂದು ಎಂಬುದು ಇಲ್ಲಿ ಅಪವಾದವಲ್ಲ, ಬದುಕಿನ ಸಾಮಾನ್ಯ ಕ್ರಮ. ಜನಗಣತಿ ಕೇಳಿದ್ದು ಮಾತೃಭಾಷೆಯನ್ನು ಮಾತ್ರ. ಆ ಉತ್ತರದಿಂದ ಕನ್ನಡದ ಸಂಖ್ಯೆ ಕುಗ್ಗಿತು ಎಂದು ಕನ್ನಡಪಕ್ಷ ವಾದಿಸಿತು. ಅದು ನಿಜವೇ. ಆದರೆ ಅದಕ್ಕೆ ಪರಿಹಾರವಾಗಿ ಕನ್ನಡಪಕ್ಷ ಮಾಡಿದ್ದು ತುಳು, ಕೊಂಕಣಿಗಳ ಸಂಖ್ಯೆಯನ್ನು ತನ್ನ ಲೆಕ್ಕಕ್ಕೆ ಸೇರಿಸಿಕೊಂಡದ್ದು. ತುಳುವರಲ್ಲಿ ಬಹುಮಂದಿ ಅದಕ್ಕೆ ಮನಃಪೂರ್ವಕವಾಗಿ ಸಮ್ಮತಿಸಿದ್ದರೆಂಬುದಕ್ಕೆ ಕಯ್ಯಾರ ಕಿಞ್ಞಣ್ಣ ರೈಯವರ ಬದುಕೇ ಸಾಕ್ಷಿ. ಕನ್ನಡ, ತುಳುಗಳೆರಡರಲ್ಲೂ ಬರೆದ ಆ ಕವಿ ವಿಲೀನೀಕರಣವನ್ನು ಕೊನೆಯವರೆಗೂ ಕೈಬಿಡಲಿಲ್ಲ. ಆದರೂ ಸಮ್ಮತಿಯಿದೆಯೆಂದು ಊಹಿಸುವುದು ಬೇರೆ, ಸಮ್ಮತಿಯನ್ನು ಕೇಳುವುದು ಬೇರೆ. ಮಲಯಾಳಪಕ್ಷವೂ ಇದನ್ನೇ ಮಾಡಿತು. ನದಿಯ ಉತ್ತರದ ಮಾಪಿಳ್ಳೆ ಮುಸ್ಲಿಮರು ಅದರ ಲೆಕ್ಕದಲ್ಲಿ ಬರಿಯ ಮಲಯಾಳದ ಸಂಖ್ಯೆಯಾದರು; ನಮ್ಮ ಲೆಕ್ಕದಲ್ಲಿ ಅವರು ಇದ್ದೂ ಇಲ್ಲದವರಾದರು. ಉಪ್ಪಳದ ಉರ್ದು ಮಾತಾಡುವ ಮುಸ್ಲಿಮರನ್ನು ಯಾವ ಪಕ್ಷವೂ ಕೇಳಲಿಲ್ಲ.

ಇಲ್ಲಿ ಎರಡು ಭಾಷೆಗಳ ಪದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ಜನರ ನೇರ ತೀರ್ಪನ್ನು ಕೇಳುವ ಮತದಾನಕ್ಕೆ ಕನ್ನಡದಲ್ಲಿ ಜನಮತಗಣನೆ ಎನ್ನುತ್ತೇವೆ. ಮತವನ್ನು ಎಣಿಸುವುದು ಅಲ್ಲಿಯ ಭಾವ. ಮಲಯಾಳದಲ್ಲಿ ಅದಕ್ಕೆ ಹಿತಪರಿಶೋಧನ ಎಂಬ ಮಾತಿದೆ. ಅಲ್ಲಿ ‘ಹಿತ’ವೆಂದರೆ ಇಚ್ಛೆ, ಜನರ ಇಚ್ಛೆಯನ್ನು ಪರೀಕ್ಷಿಸುವುದು ಅದರ ಅರ್ಥ. ಕನ್ನಡದ ಕಿವಿಗೆ ‘ಜನಹಿತ’ ಎಂದರೆ ಜನರ ಇಚ್ಛೆಯಲ್ಲ, ಜನರ ಒಳಿತು. ಗಣತಿ, ಮತ, ಹಿತ – ಎಷ್ಟು ಮಂದಿ ಇದ್ದಾರೆ, ಅವರು ಏನನ್ನು ಬಯಸುತ್ತಾರೆ, ಅವರಿಗೆ ಯಾವುದು ಒಳಿತು – ಇವು ಮೂರು ಬೇರೆ ಬೇರೆ ಪ್ರಶ್ನೆಗಳು. 1955ರ ವರದಿ ಮೊದಲನೆಯದಕ್ಕೆ ಸಿಕ್ಕ ಉತ್ತರವನ್ನೇ ಮಿಕ್ಕೆರಡಕ್ಕೂ ಉತ್ತರವೆಂದು ಭಾವಿಸಿತು.

2. ಕೇಳಬೇಕಾದವರು ಯಾರು?

ಸಂವಿಧಾನದ 3ನೆಯ ವಿಧಿಯಂತೆ ರಾಜ್ಯಗಳ ಗಡಿಯನ್ನು ಬದಲಿಸುವ ಅಧಿಕಾರ ಸಂಸತ್ತಿನದು. ಸಂಬಂಧಪಟ್ಟ ರಾಜ್ಯಗಳ ಶಾಸಕಾಂಗಗಳಿಗೆ ಮಸೂದೆಯನ್ನು ಕಳುಹಿಸಿ ಅಭಿಪ್ರಾಯ ಕೇಳಬೇಕು. ಆದರೆ ಆ ಅಭಿಪ್ರಾಯ ಸಂಸತ್ತನ್ನು ಕಟ್ಟಿಹಾಕುವುದಿಲ್ಲ. ಬಾಬುಲಾಲ್ ಪರಾತೆ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಸ್ಪಷ್ಟಪಡಿಸಿತು. ಒಂದು ತಾಲೂಕಿನ ಜನರಿಗೆ ಈ ವಿಧಾನದಲ್ಲಿ ಯಾವ ಸ್ಥಾನವೂ ಇಲ್ಲ. ಅವರು ಯಾವ ರಾಜ್ಯದಲ್ಲಿದ್ದಾರೋ ಆ ರಾಜ್ಯದ ಶಾಸಕಾಂಗವೇ ಅವರ ಪರವಾಗಿ ಮಾತಾಡಬೇಕು.

1956ರಲ್ಲಿ ಈ ವಿಧಾನ ನಡೆದ ರೀತಿ ಗಮನಾರ್ಹ. ಕಾಸರಗೋಡನ್ನು ಬಿಟ್ಟುಕೊಡಬೇಕಾಗಿದ್ದ ಮದರಾಸು ರಾಜ್ಯಕ್ಕೆ ಶಾಸಕಾಂಗವಿತ್ತು. ಆದರೆ ಅದರ ಪಾಲಿಗೆ ದೂರದ ಪಶ್ಚಿಮ ಕರಾವಳಿಯ ಒಂದು ತಾಲೂಕು ದೊಡ್ಡ ಚಿಂತೆಯಾಗಿರಲಿಲ್ಲ. ಅದನ್ನು ಬರಮಾಡಿಕೊಳ್ಳುವ ಹೊಸ ರಾಜ್ಯದ ತಿರುಳಾಗಿದ್ದ ತಿರುವಾಂಕೂರು–ಕೊಚ್ಚಿಯಲ್ಲಿ 1956ರ ಮಾರ್ಚ್ 23ರಿಂದ ರಾಷ್ಟ್ರಪತಿ ಆಳ್ವಿಕೆ. ಪುನರ್ರಚನಾ ಮಸೂದೆ ಲೋಕಸಭೆಯಲ್ಲಿ ಚರ್ಚೆಯಾಗುತ್ತಿದ್ದಾಗ ಅಲ್ಲಿ ಕೆಲಸ ಮಾಡುವ ವಿಧಾನಸಭೆ ಇರಲಿಲ್ಲ. ಕಾಸರಗೋಡನ್ನು ಬೇಡುತ್ತಿದ್ದ ಮೈಸೂರಿನ ಬೇಡಿಕೆಯನ್ನು ಆಯೋಗ ಮೊದಲೇ ತಿರಸ್ಕರಿಸಿತ್ತು. ಆಗಸ್ಟ್ 31ರಂದು ಮಸೂದೆ ಕಾನೂನಾಯಿತು. ಅದರ 5ನೆಯ ಕಲಮು ಮಲಬಾರು ಜಿಲ್ಲೆಯ ಜೊತೆಗೆ ದಕ್ಷಿಣ ಕನ್ನಡದ ಕಾಸರಗೋಡು ತಾಲೂಕನ್ನು ಹೊಸ ಕೇರಳಕ್ಕೆ ಸೇರಿಸಿತು. ನವೆಂಬರ್ 1ರಂದು ಕೇರಳ ಹುಟ್ಟಿದ್ದೂ ರಾಷ್ಟ್ರಪತಿ ಆಳ್ವಿಕೆಯಲ್ಲೇ. ಮೊದಲ ಚುನಾಯಿತ ಸರಕಾರ ಬಂದದ್ದು 1957ರ ಏಪ್ರಿಲ್ 5ರಂದು. ಅಂದರೆ ಕಾಸರಗೋಡಿನ ಜನ ತಮ್ಮನ್ನು ಕೇಳದೆ ಒಂದು ರಾಜ್ಯದಿಂದ ಹೊರಬಿದ್ದರು. ತಮ್ಮ ಪ್ರತಿನಿಧಿಗಳಿಲ್ಲದ ಇನ್ನೊಂದು ರಾಜ್ಯವನ್ನು ಪ್ರವೇಶಿಸಿದರು.

ಇದೇ ವೇಳೆಗೆ ಬಳ್ಳಾರಿಯಲ್ಲಿ ನಡೆದದ್ದನ್ನು ಹೋಲಿಸಬೇಕು. ಅದೇ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ತಾಲೂಕುಗಳನ್ನು ಆಂಧ್ರಕ್ಕೆ ಕೊಡಬೇಕೆಂದು ಶಿಫಾರಸು ಮಾಡಿತ್ತು. ಕೇಂದ್ರ ಸರಕಾರ ಆ ಶಿಫಾರಸನ್ನು ಬದಿಗಿಟ್ಟು ಅವನ್ನು ಮೈಸೂರಿನಲ್ಲೇ ಉಳಿಸಿತು. ಆಯೋಗದ ಮಾತು ಅಂತಿಮವಲ್ಲ, ಸಂಸತ್ತು ಮನಸ್ಸು ಮಾಡಿದರೆ ಅದನ್ನು ಮೀರಬಹುದು ಎಂಬುದು ಆಗಲೇ ರುಜುವಾತಾಗಿತ್ತು. ಬಳ್ಳಾರಿಯ ಪರವಾಗಿ ಮೈಸೂರು ಸರಕಾರ ಮಾತಾಡಬಹುದಿತ್ತು, ಏಕೆಂದರೆ 1953ರಿಂದ ಬಳ್ಳಾರಿ ಮೈಸೂರಿನ ಒಳಗಿತ್ತು. ಕಾಸರಗೋಡಿನ ಪರವಾಗಿ ಒಳಗಿನಿಂದ ಮಾತಾಡುವ ಸರಕಾರವೇ ಇರಲಿಲ್ಲ.

3. ಚುನಾವಣೆಯೆಂಬ ಬದಲಿ ಜನಮತ

1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶರಾಯರು ಪಕ್ಷೇತರರಾಗಿ ಅವಿರೋಧವಾಗಿ ಆಯ್ಕೆಯಾದರು. ಕೇರಳ ವಿಧಾನಸಭೆಗೆ ಆ ರೀತಿ ಬಂದವರಲ್ಲಿ ಅವರೇ ಮೊದಲಿಗರು. ಅನಂತರ ಮಹಾಬಲ ಭಂಡಾರಿಯವರು ಕರ್ನಾಟಕ ಸಮಿತಿಯ ಬೆಂಬಲದಿಂದ 1960, 1965, 1967ರಲ್ಲಿ ಸತತವಾಗಿ ಗೆದ್ದರು. 1967ರಲ್ಲಿ ಕಾಸರಗೋಡು ಕ್ಷೇತ್ರವೂ ಪಕ್ಷೇತರರಾದ ಯು. ಪಿ. ಕುಣಿಕುಳ್ಳಾಯರನ್ನು ಆರಿಸಿತು. ಸುಮಾರು ಒಂದು ದಶಕದ ಕಾಲ ಉತ್ತರದ ಮತದಾರರು ಪ್ರತಿ ಚುನಾವಣೆಯನ್ನೂ ವಿಲೀನೀಕರಣದ ಬಗೆಗಿನ ಮತದಾನವಾಗಿ ಬಳಸಿಕೊಂಡರು.

ಈ ಬಳಕೆಗೆ ಮೂರು ಮಿತಿಗಳಿದ್ದವು. ಮೊದಲನೆಯದು, ಅವಿರೋಧ ಆಯ್ಕೆಯ ವಿರೋಧಾಭಾಸ. ಎದುರಾಳಿಯೇ ಇಲ್ಲವೆಂಬುದು ಒಮ್ಮತದ ಬಲವಾದ ಸಾಕ್ಷಿ. ಆದರೆ ಒಂದು ಮತವೂ ಬೀಳದ ಕಾರಣ ಅದನ್ನು ಸಂಖ್ಯೆಯಾಗಿ ತೋರಿಸುವಂತಿಲ್ಲ. ಸಂಖ್ಯೆಯ ಆಧಾರದಲ್ಲಿ ಸೋತವರಿಗೆ ಸಂಖ್ಯೆಯಿಲ್ಲದ ಗೆಲುವು ಸಿಕ್ಕಿತು.

ಎರಡನೆಯದು, ಅದೇ ಹಳೆಯ ತಾಲೂಕಿನ ದಕ್ಷಿಣದ ತುದಿ ನೀಡಿದ ತೀರ್ಪು. 1957ರಲ್ಲಿ ಇ. ಎಂ. ಎಸ್. ನಂಬೂದಿರಿಪಾಡ್ ಅವರು ಆಯ್ಕೆಯಾಗಿ ಮುಖ್ಯಮಂತ್ರಿಯಾದದ್ದು ನೀಲೇಶ್ವರದಿಂದ. ಹಳೆಯ ದಕ್ಷಿಣ ಕನ್ನಡದ ಒಂದೇ ತಾಲೂಕು ಒಂದು ತುದಿಯಲ್ಲಿ ಕೇರಳವನ್ನು ಬಿಡಬೇಕೆಂಬವರನ್ನೂ ಇನ್ನೊಂದು ತುದಿಯಲ್ಲಿ ಕೇರಳದ ಮೊದಲ ಮುಖ್ಯಮಂತ್ರಿಯನ್ನೂ ಒಂದೇ ಸಭೆಗೆ ಕಳುಹಿಸಿತು. ದಕ್ಷಿಣದ ಈ ಒಲವು ಹೊಸತಲ್ಲ. 1943ರಲ್ಲಿ ನಾಲ್ವರು ರೈತ ಹೋರಾಟಗಾರರು ಗಲ್ಲಿಗೇರಿದ ಕಯ್ಯೂರು ಆಡಳಿತದಲ್ಲಿ ದಕ್ಷಿಣ ಕನ್ನಡದ್ದು; ಹೋರಾಟದ ಭಾವನೆಯಲ್ಲಿ ಮಲಬಾರಿನದು. ನೀಲೇಶ್ವರದಲ್ಲಿ ಓದಿದ ನಿರಂಜನರು ಆ ಕಥೆಯನ್ನು ಕನ್ನಡದ ‘ಚಿರಸ್ಮರಣೆ’ಯಾಗಿಸಿದರು. ಆ ಕಾದಂಬರಿಗೆ ಗಡಿ ಅಡ್ಡಬರಲಿಲ್ಲ. ಮಲಯಾಳ ಆಡುವ ರೈತರ ಕಥೆ ಕನ್ನಡದಲ್ಲೇ ಮೊದಲು ದೊಡ್ಡದಾಗಿ ಹೇಳಲ್ಪಟ್ಟಿತು. ತಾಲೂಕನ್ನು ಒಂದೇ ಘಟಕವೆಂದ ಆಯೋಗಕ್ಕೂ, ಇಡೀ ಕಾಸರಗೋಡು ತಮ್ಮದೆಂದ ಕನ್ನಡದ ಘೋಷಣೆಗೂ 1957ರ ಫಲಿತಾಂಶ ಒಟ್ಟಿಗೇ ಉತ್ತರ ಕೊಟ್ಟಿತೆನ್ನಬಹುದು.

ಮೂರನೆಯ ಮಿತಿಯನ್ನು ನಮ್ಮ ಚರ್ಚೆಗಳು ಸಾಕಷ್ಟು ಗಮನಿಸಿಲ್ಲ. ಗಡಿ ಬದಲಿಸುವ ಅಧಿಕಾರ ದೆಹಲಿಯದು, ತಿರುವನಂತಪುರದ್ದಲ್ಲ. ಉತ್ತರದ ಮತದಾರರು ವಿಧಾನಸಭೆಯ ಒಂದೆರಡು ಕ್ಷೇತ್ರಗಳನ್ನು ಗೆಲ್ಲಬಲ್ಲವರಾಗಿದ್ದರು. ಲೋಕಸಭಾ ಕ್ಷೇತ್ರವಾದರೋ ದಕ್ಷಿಣಕ್ಕೆ ಬಹುದೂರ ಚಾಚಿತ್ತು. ಅಲ್ಲಿ ಅವರು ಅಲ್ಪಸಂಖ್ಯಾತರು. 1957, 1962, 1967ರ ಮೂರೂ ಚುನಾವಣೆಗಳಲ್ಲಿ ಕಾಸರಗೋಡು ಲೋಕಸಭಾ ಕ್ಷೇತ್ರ ಎ. ಕೆ. ಗೋಪಾಲನ್ ಅವರನ್ನು ಆರಿಸಿತು. ಅವರು ದೇಶದ ಸಂಸದೀಯ ವಿರೋಧಪಕ್ಷದ ಅತಿ ಗಟ್ಟಿಯಾದ ದನಿಗಳಲ್ಲಿ ಒಬ್ಬರು. ಕಾಸರಗೋಡಿನ ಹೆಸರು ಲೋಕಸಭೆಯಲ್ಲಿ ಪ್ರತಿಧ್ವನಿಸುತ್ತಿತ್ತು, ಆದರೆ ಅದು ಮಂಜೇಶ್ವರದ ದನಿಯಾಗಿರಲಿಲ್ಲ. ಮತವಿದ್ದ ಕಡೆ ಅಧಿಕಾರವಿಲ್ಲ, ಅಧಿಕಾರವಿದ್ದ ಕಡೆ ಮತವಿಲ್ಲ: ಕಾಸರಗೋಡಿನ ಬಿಕ್ಕಟ್ಟಿನ ರಚನೆಯೇ ಇದು. 1965ರ ಸೇರದ ಸಭೆ ಈ ರಚನೆಯ ಅತಿ ಕಟುವಾದ ಉದಾಹರಣೆ ಮಾತ್ರ. ಆ ಸಭೆ ಸೇರಿದ್ದರೂ ಅದರ ಕೈಯಲ್ಲಿ ಗಡಿಯ ಕೀಲಿಕೈ ಇರುತ್ತಿರಲಿಲ್ಲ.

4. ಗೋವೆಯ ಮತ, ಮಹಾಜನರ ವರದಿ

1966ರ ಅಕ್ಟೋಬರ್ 25ರಂದು ಕೇಂದ್ರ ಸರಕಾರ ಸರ್ವೋಚ್ಚ ನ್ಯಾಯಾಲಯದ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗವನ್ನು ನೇಮಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅದೇ ಸರಕಾರ ಗೋವೆಗಾಗಿ ಅಭಿಪ್ರಾಯ ಮತದಾನದ ಕಾನೂನನ್ನು ತಂದಿತು. ಒಂದೇ ಕರಾವಳಿಯ ಎರಡು ಗಡಿಪ್ರಶ್ನೆಗಳಿಗೆ ಒಂದೇ ಋತುವಿನಲ್ಲಿ ಎರಡು ವಿಧಾನಗಳು.

ಗೋವೆಯಲ್ಲಿ ಪ್ರಶ್ನೆ: ಮಹಾರಾಷ್ಟ್ರದೊಡನೆ ವಿಲೀನವೋ, ಕೇಂದ್ರಾಡಳಿತ ಪ್ರದೇಶವಾಗಿ ಮುಂದುವರಿಕೆಯೋ? ವಿಲೀನವಾದಿಯಾದ ದಯಾನಂದ ಬಾಂದೋಡಕರರ ಸರಕಾರ, ಮತದಾನ ನಿಷ್ಪಕ್ಷಪಾತವಾಗಿ ನಡೆಯಲೆಂದು ಮೊದಲೇ ರಾಜೀನಾಮೆ ಕೊಟ್ಟಿತು. ದಮನ್ ಮತ್ತು ದಿಯುಗಳನ್ನು ಗೋವೆಯೊಡನೆ ಬೆರೆಸದೆ, ಗುಜರಾತಿನೊಡನೆ ವಿಲೀನದ ಬೇರೆ ಪ್ರಶ್ನೆಯನ್ನು ಅಲ್ಲಿ ಕೇಳಲಾಯಿತು. 1967ರ ಜನವರಿ 16ರಂದು ಮೂರು ಲಕ್ಷಕ್ಕೂ ಹೆಚ್ಚು ಗೋವೆಯ ಜನ ಮತ ಹಾಕಿದರು. ವಿಲೀನದ ವಿರುದ್ಧ ಶೇಕಡ 54.2, ಪರವಾಗಿ ಶೇಕಡ 43.5, ಅಂತರ 34,021 ಮತ. ಸಮಾಜ ಆಳವಾಗಿ ಒಡೆದಿತ್ತೆಂಬುದಕ್ಕೆ ಈ ಅಂಕಿಗಳೇ ಸಾಕ್ಷಿ. ಮುಂದೆ ನಡೆದದ್ದು ಇನ್ನೂ ಕುತೂಹಲಕರ. ಕೆಲವೇ ವಾರಗಳ ಬಳಿಕ ನಡೆದ ವಿಧಾನಸಭಾ ಚುನಾವಣೆಯಲ್ಲಿ, ಜನಮತದಲ್ಲಿ ಸೋತ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷವೇ ಗೆದ್ದಿತು. ಬಾಂದೋಡಕರರೇ ಮತ್ತೆ ಮುಖ್ಯಮಂತ್ರಿಯಾದರು. ಅವರು ವಿಲೀನದ ಪ್ರಶ್ನೆಯನ್ನು ಮರಳಿ ಕೆದಕದೆ ಆಡಳಿತ ನಡೆಸಿದರು. ಗಡಿಯ ಪ್ರಶ್ನೆಗೂ ಸರಕಾರದ ಪ್ರಶ್ನೆಗೂ ಒಂದೇ ಜನ ಬೇರೆ ಬೇರೆ ಉತ್ತರ ಕೊಡಬಲ್ಲರು. ಅವೆರಡನ್ನೂ ಬೇರೆಬೇರೆಯಾಗಿ ಕೇಳಿದ್ದರಿಂದ ಎರಡೂ ಉತ್ತರಗಳಿಗೆ ಮಾನ್ಯತೆ ದೊರೆಯಿತು. ಕಾಸರಗೋಡಿನಲ್ಲಿ ಇವೆರಡನ್ನೂ ಒಂದೇ ಮತಪತ್ರದ ಮೇಲೆ ಹೊರಿಸಬೇಕಾಯಿತು.

ಮಹಾಜನ ಆಯೋಗದ ಕ್ರಮ ಬೇರೆ. ಅದು ಎರಡು ಸಾವಿರಕ್ಕೂ ಹೆಚ್ಚು ಮನವಿಗಳನ್ನು ಸ್ವೀಕರಿಸಿತು, ಏಳು ಸಾವಿರಕ್ಕೂ ಹೆಚ್ಚು ಜನರನ್ನು ಕಂಡು ಕೇಳಿತು. 1967ರ ಆಗಸ್ಟಿನಲ್ಲಿ ಬಂದ ವರದಿ ಚಂದ್ರಗಿರಿ ಮತ್ತು ಪಯಸ್ವಿನಿ ನದಿಗಳ ಉತ್ತರದ ಭಾಗವನ್ನು ಮೈಸೂರಿಗೆ ಸೇರಿಸಲು ಶಿಫಾರಸು ಮಾಡಿತು. ಹನ್ನೆರಡು ವರ್ಷಗಳ ಹಿಂದೆ ತಿರಸ್ಕೃತವಾಗಿದ್ದ ನದಿಯ ಎಲ್ಲೆಯೇ ಈಗ ಅಂಗೀಕೃತವಾಯಿತು. ಅದೇ ವರದಿ ನಿಪ್ಪಾಣಿ, ಖಾನಾಪುರ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಲೂ, ಬೆಳಗಾವಿಯನ್ನು ಮೈಸೂರಿನಲ್ಲೇ ಉಳಿಸಲೂ ಹೇಳಿತು.

ಇಲ್ಲಿಂದ ಇಂದಿನವರೆಗೆ ಇರುವುದು ನಿಶ್ಚಲತೆ. ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು, ಕೇರಳ ಒಪ್ಪಲಿಲ್ಲ, ಕರ್ನಾಟಕ ವರದಿಯನ್ನು ಇಡಿಯಾಗಿ ಜಾರಿಗೊಳಿಸಬೇಕು, ಇಲ್ಲವೇ ಇದ್ದುದು ಇದ್ದಂತೆ ಇರಬೇಕು ಎಂದಿತು. ವರದಿ 1970ರಲ್ಲಿ ಸಂಸತ್ತಿನ ಮುಂದೆ ಬಂತು. ಅದನ್ನು ಅಂಗೀಕರಿಸುವ ಮಸೂದೆ ಬರಲಿಲ್ಲ. ತಿರಸ್ಕರಿಸುವ ನಿರ್ಣಯವೂ ಬರಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಬೆಳಗಾವಿಯ ಪ್ರಶ್ನೆಯನ್ನು ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದಿತು. ಕಾಸರಗೋಡಿನ ಪ್ರಶ್ನೆಗೆ ಆ ಬಾಗಿಲೂ ತೆರೆಯಲಿಲ್ಲ.

‘ಇಡಿಯಾಗಿ’ ಎಂಬ ಮಾತನ್ನು ಕಾಸರಗೋಡಿನ ಕನ್ನಡಿಗರು ನಿಷ್ಠುರವಾಗಿ ನೋಡಬೇಕಾಗಿದೆ. ಬೆಳಗಾವಿಯಲ್ಲಿ ಮರಾಠಿಗರು ತಮ್ಮ ಶಾಸಕರನ್ನು ಸತತವಾಗಿ ಆರಿಸಿದ್ದನ್ನು ಜನಾದೇಶವೆಂದು ಒಪ್ಪದ ಕರ್ನಾಟಕ, ಮಂಜೇಶ್ವರದಲ್ಲಿ ಕನ್ನಡಿಗರು ಅದೇ ರೀತಿ ಆರಿಸಿದ್ದನ್ನು ಜನಾದೇಶವೆಂದಿತು. ಮಹಾರಾಷ್ಟ್ರ, ಕೇರಳಗಳ ನಿಲುವೂ ಇದರ ತಲೆಕೆಳಗಾದ ಪ್ರತಿರೂಪವೇ. ವರದಿ ಬೆಳಗಾವಿಗೆ ಗುರಾಣಿಯಾಯಿತು. ಗುರಾಣಿಯನ್ನು ಕೈಬಿಡಲಾಗದ ಕಾರಣ ಕಾಸರಗೋಡಿಗಾಗಿ ಬೇರೆಯಾಗಿ ಮಾತಾಡುವ ದಾರಿ ಮುಚ್ಚಿತು. ನಮ್ಮ ಪರವಾಗಿ ಬಂದ ತೀರ್ಪೇ ನಮ್ಮನ್ನು ಕಟ್ಟಿಹಾಕಿತೆಂಬುದು ಕಹಿಯಾದರೂ ಹೇಳಬೇಕಾದ ಮಾತು.

5. ಜನಮತ ನಡೆದಿದ್ದರೆ?

ಗೋವೆಯಂತೆ ಇಲ್ಲಿಯೂ ಜನಮತ ನಡೆಯಬೇಕಿತ್ತೆಂದು ಸುಲಭವಾಗಿ ಹೇಳಬಹುದು. ಆದರೆ ಜನಮತವೂ ಘಟಕದ ಪ್ರಶ್ನೆಯಿಂದ ಪಾರಾಗುವುದಿಲ್ಲ. 1947ರ ಜುಲೈಯಲ್ಲಿ ಸಿಲ್ಹಟ್ ಜಿಲ್ಲೆ ಒಂದೇ ಘಟಕವಾಗಿ ಮತ ಹಾಕಿ ಪಾಕಿಸ್ತಾನವನ್ನು ಆರಿಸಿತು. ಆದರೂ ಅದರ ಕರೀಂಗಂಜ್ ಭಾಗ ಗಡಿ ಆಯೋಗದ ತೀರ್ಪಿನಿಂದ ಭಾರತದಲ್ಲಿ ಉಳಿಯಿತು. 2016ರ ಜೂನ್ 23ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟವನ್ನು ಬಿಡಲು ಶೇಕಡ 51.9ರ ಬಹುಮತದಿಂದ ನಿರ್ಧರಿಸಿತು. ಆದರೆ ಸ್ಕಾಟ್ಲೆಂಡಿನ ಶೇಕಡ 62 ಮಂದಿಯೂ ಉತ್ತರ ಐರ್ಲೆಂಡಿನ ಶೇಕಡ 55.8 ಮಂದಿಯೂ ಉಳಿಯಬೇಕೆಂದಿದ್ದರು. ‘ಬಿಡಬೇಕು’ ಎಂಬ ಉತ್ತರದೊಳಗೆ ಹೇಗೆ ಬಿಡಬೇಕೆಂಬುದು ಇರಲಿಲ್ಲ. 2019ರ ಜನವರಿಯಲ್ಲಿ ಸರಕಾರ ತಂದ ಒಪ್ಪಂದವನ್ನು ಅಲ್ಲಿನ ಕೆಳಮನೆ 230 ಮತಗಳ ಅಂತರದಿಂದ ತಳ್ಳಿಹಾಕಿತು. ಮಾರ್ಚಿಯಲ್ಲಿ ಮತ್ತೆರಡು ಬಾರಿ ತಳ್ಳಿತು. ಆ ಸೆಪ್ಟೆಂಬರಿನಲ್ಲಿ ಸರಕಾರ ಸಂಸತ್ತಿನ ಅಧಿವೇಶನವನ್ನು ನಿಲ್ಲಿಸಿದ್ದೇ ಕಾನೂನುಬಾಹಿರವೆಂದು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಯಿತು. ಜನರ ನೇರ ತೀರ್ಪು, ಅವರ ಪ್ರತಿನಿಧಿಗಳ ತೀರ್ಪು ಇವೆರಡರಲ್ಲಿ ಯಾವುದು ದೊಡ್ಡದೆಂಬ ಪ್ರಶ್ನೆಗೆ ಹಳೆಯ ಸಂಸತ್ತಿನಲ್ಲೂ ಸಿದ್ಧ ಉತ್ತರವಿರಲಿಲ್ಲ. ಅದರಲ್ಲೂ ಬಗೆಹರಿಯದೆ ಉಳಿದದ್ದು ಗಡಿಯಂಚಿನ ಐರ್ಲೆಂಡಿನ ಪ್ರಶ್ನೆಯೇ.

ಕಾಸರಗೋಡಿನಲ್ಲಿ ಎರಡೇ ಆಯ್ಕೆಗಳ ಮತಪತ್ರ ಬಂದಿದ್ದರೆ ಏಳು ಭಾಷೆಗಳ ಜನ ಎರಡು ಪಾಳೆಯಗಳಾಗಬೇಕಿತ್ತು. ಬ್ಯಾರಿ ಆಡುವವನು ಕನ್ನಡದ ಪರವೋ ಮಲಯಾಳದ ಪರವೋ ಎಂದು ನೆರೆಯವರು ಕೇಳುತ್ತಿದ್ದರು. ಮತ ನಡೆಯದ್ದರಿಂದ ಆ ಕೇಳ್ವಿಕೆ ತಪ್ಪಿತೆಂದೇನಲ್ಲ. ಆದರೆ ಅದು ಸಂಖ್ಯೆಯಾಗಿ ಗಟ್ಟಿಗೊಳ್ಳಲಿಲ್ಲ. ಆದ್ದರಿಂದ ಜನಮತ ನಡೆಯದ್ದೇ ಅನ್ಯಾಯದ ತಿರುಳು ಎಂದು ನಾನು ಭಾವಿಸುವುದಿಲ್ಲ. ಯಾವ ವಿಧಾನದಿಂದ ಬಂದ ನಿರ್ಧಾರವೇ ಆಗಲಿ, ಅದಕ್ಕೆ ಮಾನ್ಯತೆ ದೊರೆಯುವುದು ಸೋತವರ ಕಣ್ಣಿನಲ್ಲಿ. ಗೆದ್ದವರಿಗೆ ಫಲಿತಾಂಶ ಸಾಕು. ಸೋತವರಿಗೆ ಭರವಸೆ ಬೇಕು.

6. ಭರವಸೆಯ ಲೆಕ್ಕ

ಆ ಭರವಸೆಯನ್ನು 1956 ಕೊಟ್ಟಿತ್ತು ಎಂಬುದನ್ನು ಮರೆಯಬಾರದು. ಗಡಿಯ ಆಚೆ ಉಳಿಯುವವರು ಇದ್ದೇ ಇರುತ್ತಾರೆಂದು ಅರಿತಿದ್ದ ಪುನರ್ರಚನಾ ಆಯೋಗ, ಅಲ್ಪಸಂಖ್ಯಾತ ಭಾಷೆಯವರು ಶೇಕಡ 30ರಷ್ಟಿರುವ ಕಡೆ ದ್ವಿಭಾಷಾ ಆಡಳಿತವಿರಬೇಕೆಂಬ ಸೂತ್ರವನ್ನು ಹೇಳಿತ್ತು. ಸಂವಿಧಾನದ ಏಳನೆಯ ತಿದ್ದುಪಡಿ 350–ಎ ವಿಧಿಯ ಮೂಲಕ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣವನ್ನೂ, 350–ಬಿ ವಿಧಿಯ ಮೂಲಕ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷ ಅಧಿಕಾರಿಯನ್ನೂ ತಂದಿತು. ಆ ಅಧಿಕಾರಿಯ ವರದಿಗಳನ್ನು ಸಂಸತ್ತಿನ ಉಭಯ ಸದನಗಳ ಮುಂದಿಡಬೇಕೆಂಬುದೂ ಸಂವಿಧಾನದ ಮಾತೇ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲೇ ವ್ಯವಹರಿಸಬಹುದೆಂದಿತು. ಗಡಿಯ ವಿಷಯದಲ್ಲಿ ಸೋತವರಿಗೆ ಭಾಷೆಯ ವಿಷಯದಲ್ಲಿ ಸೋಲಾಗದು: 1956ರ ಒಡಂಬಡಿಕೆಯ ಸಾರ ಇದು.

ಆದ್ದರಿಂದ ಆ ಒಡಂಬಡಿಕೆಯ ಮಾನ್ಯತೆ ನವೆಂಬರ್ 1ರ ಭಾಷಣಗಳಲ್ಲಿಲ್ಲ. ಗ್ರಾಮ ಕಚೇರಿಯ ಅರ್ಜಿಯ ನಮೂನೆಯಲ್ಲಿ, ಶಾಲೆಯ ತರಗತಿಯಲ್ಲಿ ಇದೆ. 2017ರಲ್ಲಿ ಎಲ್ಲ ಶಾಲೆಗಳಲ್ಲೂ ಮಲಯಾಳ ಕಲಿಕೆಯನ್ನು ಕಡ್ಡಾಯಗೊಳಿಸುವ ಕ್ರಮ ಬಂದಾಗ ಕಾಸರಗೋಡಿನಲ್ಲಿ ಎದ್ದ ಪ್ರತಿಭಟನೆ ಮಲಯಾಳದ ಮೇಲಿನ ದ್ವೇಷದಿಂದ ಹುಟ್ಟಿದ್ದಲ್ಲ. ಇಲ್ಲಿನ ಕನ್ನಡಿಗರಲ್ಲಿ ಮಲಯಾಳ ಬಾರದವರು ಕಡಿಮೆ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ತಿಳಿಯದ ಅಧ್ಯಾಪಕರು ನೇಮಕವಾದಾಗ ಮಕ್ಕಳ ಹೆತ್ತವರು ಬೀದಿಗಿಳಿದದ್ದೂ ಅದಕ್ಕಲ್ಲ. ಕೊಟ್ಟ ಮಾತಿನ ಲೆಕ್ಕ ಕೇಳುವುದು ಅಲ್ಲಿನ ಭಾವ. ಇಂಥ ಪ್ರತಿಯೊಂದು ತಪ್ಪೂ 1956ರ ತೀರ್ಪನ್ನು ಮತ್ತೆ ವಿಚಾರಣೆಗೆ ತರುತ್ತದೆ; ಅದನ್ನು ಸರಿಪಡಿಸುವ ಪ್ರತಿಯೊಂದು ಆದೇಶವೂ ಅದಕ್ಕೆ ತಡವಾಗಿಯಾದರೂ ಜನಸಮ್ಮತಿಯನ್ನು ಗಳಿಸಿಕೊಡುತ್ತದೆ.

1970ರಲ್ಲಿ ಮಂಜೇಶ್ವರದಿಂದ ಭಾರತ ಕಮ್ಯುನಿಸ್ಟ್ ಪಕ್ಷದ ಎಂ. ರಾಮಪ್ಪನವರು ಗೆದ್ದಂದಿನಿಂದ ಚುನಾವಣೆಗಳು ಗಡಿಯ ಮತದಾನವಾಗಿ ಉಳಿದಿಲ್ಲ. 1984ರ ಮೇ 24ರಂದು ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಅದನ್ನು ಕೆಲವರು ವಿಲೀನೀಕರಣದ ಬೇಡಿಕೆಯ ಅಂತ್ಯವೆಂದರು, ಕೆಲವರು ದಣಿವೆಂದರು. 2021ರಲ್ಲಿ ಮಂಜೇಶ್ವರದಿಂದ ಮುಸ್ಲಿಂ ಲೀಗಿನ ಅಭ್ಯರ್ಥಿಯಾಗಿ ಗೆದ್ದ ಎ. ಕೆ. ಎಂ. ಅಶ್ರಫ್ ಅವರು ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. 1951ರ ಗಣತಿಯ ಯಾವ ಕಾಲಮಿನಿಂದಲೂ ಈ ದೃಶ್ಯವನ್ನು ಊಹಿಸಲಾಗುತ್ತಿರಲಿಲ್ಲ. ಯಾರು ಯಾವ ಭಾಷೆಯ ಪರ ಎಂದು ಮನೆತನ, ಮತ, ಮನೆಮಾತುಗಳನ್ನು ನೋಡಿ ಲೆಕ್ಕ ಹಾಕಿದ ಎರಡೂ ಪಕ್ಷಗಳ ಹಳೆಯ ಗಣಿತ ಅಲ್ಲಿ ತಪ್ಪಿತು.

ಮಹಾಜನ ವರದಿ ಇಂದಿಗೂ ಸಂಸತ್ತಿನ ಕಡತದಲ್ಲಿದೆ. ಅದನ್ನು ಅಂಗೀಕರಿಸಲಿ, ತಿರಸ್ಕರಿಸಲಿ, ಚರ್ಚಿಸಿ ಒಂದು ಮಾತು ಹೇಳುವುದು ಸಂಸತ್ತಿನ ಹೊಣೆ. ಮೌನವನ್ನು ತೀರ್ಮಾನವೆಂದು ಕರೆಯಲಾಗದು. ಆದರೆ ಆ ಮಾತಿಗಾಗಿ ಕಾಯುವ ನಡುವೆ ನಾವು ಮಾಡಬಹುದಾದ ಕೆಲಸವೊಂದಿದೆ: 1955ರಲ್ಲಿ ಯಾರನ್ನು ಯಾರೂ ಕೇಳಲಿಲ್ಲವೋ ಅವರನ್ನು – ತುಳುವರನ್ನು, ಬ್ಯಾರಿಗಳನ್ನು, ಉಪ್ಪಳದ ಉರ್ದುವಿನವರನ್ನು, ಕರಾಡ ಮರಾಠಿಯವರನ್ನು – ಅವರವರ ಮಾತಿನಲ್ಲಿ ಕೇಳಿ ದಾಖಲಿಸುವುದು. ಅದು ಗಣತಿಯೂ ಅಲ್ಲ, ಮತವೂ ಅಲ್ಲ. ಮಲಯಾಳದ ಅರ್ಥದಲ್ಲಿಯೂ ಕನ್ನಡದ ಅರ್ಥದಲ್ಲಿಯೂ ಅದು ಹಿತದ ಪರಿಶೋಧನೆ.